ಬರೇ ‘ಚರ್ಮದ ಚಪ್ಪಲಿ’: ಮಿಲಾನಿನ ರ‍್ಯಾಂಪನ್ನು ಗಡಿಯಿಂದ ಓದುವುದು

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಧ್ವನಿ ಕೇಳಸ್ತದಲ್ರಿ? ಜತ್ತ ಭಾಗದಾಗ ಸಂಜಿ ಹೊತ್ತು ನೆಟ್‌ವರ್ಕ್ ಸ್ವಲ್ಪ ಕೈಕೊಡ್ತದ. ನಡುವೆ ಮಾತು ಕಡಿದರೆ ಚಾಟ್‌ನಲ್ಲಿ ತಿಳಿಸಿ.

ನಾನು ಮಾತಾಡಬೇಕಾಗಿರುವುದು ಇಟಲಿಯ ಮಿಲಾನ್ ನಗರದ ಫ್ಯಾಷನ್ ಉದ್ಯಮದ ಬಗ್ಗೆ. ಕನ್ನಡದ ಗೋಷ್ಠಿಗೂ ಮಿಲಾನಿಗೂ ಏನು ಸಂಬಂಧ ಅಂತ ಕೆಲವರಿಗೆ ಅನ್ನಿಸಿರಬಹುದು. 2025ರ ಜೂನ್ 22ರಂದು ಅಲ್ಲಿ ಪ್ರಾಡಾ ಕಂಪನಿಯ ಪುರುಷರ ಉಡುಪಿನ ಪ್ರದರ್ಶನ ನಡೆಯಿತು. ಅದರಲ್ಲಿ ಕೆಲವು ಮಾಡೆಲ್‌ಗಳು ತೊಗಲಿನ ಚಪ್ಪಲಿ ಮೆಟ್ಟಿ ನಡೆದರು. ಚಪ್ಪಟೆ ಅಟ್ಟೆ, ಹೆಬ್ಬೆರಳು ತೂರಿಸೋಕೆ ಒಂದು ಬಳೆ, ಪಾದದ ಮೇಲೆ ಅಗಲವಾದ ಪಟ್ಟಿ, ನಡುವೆ ಹೆಣೆದ ತೊಗಲು. ನಮ್ಮ ಕಡೆ ಸಣ್ಣ ಹುಡುಗರಿಗೆ ತೋರಿಸಿದರೂ ‘ಕೊಲ್ಹಾಪುರಿ’ ಅಂತಾರೆ. ಪ್ರಾಡಾ ಅದನ್ನು ಬರೇ ಚರ್ಮದ ಚಪ್ಪಲಿ ಅನ್ನೋ ಅರ್ಥದ ಮಾತಿನಲ್ಲಿ ಮುಗಿಸಿತ್ತು. ಊರ ಹೆಸರಿಲ್ಲ, ದೇಶದ ಹೆಸರಿಲ್ಲ.

ಆಮೇಲಿನ ಗದ್ದಲ ನಿಮಗೆಲ್ಲ ಗೊತ್ತು. ‘ಕದ್ದರು’ ಅನ್ನುವ ಮಾತು ವಾರಗಟ್ಟಲೆ ನಡೆಯಿತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಆದರೆ ಅಲ್ಲಿಗೇ ನಿಂತರೆ ವಿಮರ್ಶೆಯಾಗುವುದಿಲ್ಲ. ನನ್ನ ವಾದ ಇಷ್ಟು. ಮಿಲಾನ್ ಊರ ಹೆಸರಿನ ಬೆಲೆ ಗೊತ್ತಿಲ್ಲದ ನಗರವಲ್ಲ. ಊರ ಹೆಸರನ್ನು ಹಣ ಮಾಡುವ ಕಲೆಯ ಮೇಲೇ ನಿಂತಿರುವ ನಗರ. ಅಂಥಲ್ಲಿ ಒಂದು ಊರ ಹೆಸರು ಬಿಟ್ಟುಹೋದರೆ ಅದನ್ನು ಮರೆವು ಅಂತ ಓದೋಕೆ ಬರಲ್ಲ, ಆ ಉದ್ಯಮದ ವ್ಯಾಕರಣ ಅಂತ ಓದಬೇಕು. ಎರಡನೆಯ ಮಾತು ನಮಗೇ ಸ್ವಲ್ಪ ಕಹಿ. ನಾವು ಸಿಟ್ಟಿನಿಂದ ಎತ್ತಿ ಹಿಡಿದ ‘ಕೊಲ್ಹಾಪುರಿ’ ಅನ್ನುವ ಹೆಸರು ಕೂಡ ಹೆಚ್ಚುಕಡಿಮೆ ಅದೇ ವ್ಯಾಕರಣದಿಂದ ಹುಟ್ಟಿದ್ದು.

ನಗರದ ಹಿಂದಿನ ಊರುಗಳು

ಮಿಲಾನ್ ಮೊದಲಿನಿಂದ ಇಟಲಿಯ ಫ್ಯಾಷನ್ ರಾಜಧಾನಿಯಾಗಿರಲಿಲ್ಲ. ವಿದೇಶಿ ಖರೀದಿದಾರರನ್ನು ಕರೆಸಿ ಇಟಲಿಯ ಉಡುಪುಗಳನ್ನು ಒಟ್ಟಿಗೆ ತೋರಿಸುವ ಪದ್ಧತಿ ಶುರುವಾದದ್ದು ಫ್ಲಾರೆನ್ಸ್‌ನಲ್ಲಿ, 1951ರ ಫೆಬ್ರವರಿಯಲ್ಲಿ, ಜೊವಾನ್ನಿ ಬತ್ತಿಸ್ತಾ ಜೋರ್ಜೀನಿ ಎಂಬ ವ್ಯಾಪಾರಿಯ ಮನೆಯಲ್ಲಿ. ಮರುವರ್ಷ ಅದು ಪಿತ್ತಿ ಅರಮನೆಯ ಬಿಳಿ ಸಭಾಂಗಣಕ್ಕೆ ಹೋಯಿತು. 1970ರ ದಶಕದಲ್ಲಿ ವಾಲ್ಟರ್ ಅಲ್ಬೀನಿಯಂಥ ವಿನ್ಯಾಸಕಾರರು ಫ್ಲಾರೆನ್ಸ್ ಬಿಟ್ಟು ಮಿಲಾನಿಗೆ ಬಂದರು. ಮಿಲಾನಿನಲ್ಲಿ ಅರಮನೆಗಿಂತ ಕಾರ್ಖಾನೆ ಹತ್ತಿರ ಇತ್ತು. ಉತ್ತರಕ್ಕೆ ಹೋದರೆ ರೇಷ್ಮೆಯ ಕೋಮೋ, ಪಶ್ಚಿಮಕ್ಕೆ ಉಣ್ಣೆಯ ಬಿಯೆಲ್ಲಾ, ನೈಋತ್ಯಕ್ಕೆ ಬೂಟಿನ ವಿಜೇವಾನೋ. ಜೊತೆಗೆ ಬ್ಯಾಂಕು, ವ್ಯಾಪಾರ ಮೇಳ, ಫ್ಯಾಷನ್ ಪತ್ರಿಕೆಗಳು ಎಲ್ಲ ಅದೇ ನಗರದಲ್ಲಿ. ಅರಮನೆಯ ಸೊಗಸಿಗಿಂತ ಸಿದ್ಧ ಉಡುಪು ದೊಡ್ಡ ವ್ಯಾಪಾರವಾದ ಕಾಲ ಅದು. ಬಟ್ಟೆ, ದಾರ, ಗುಂಡಿ, ಛಾಯಾಚಿತ್ರ, ಜಾಹೀರಾತು ಒಂದೇ ದಿನದ ಓಡಾಟದಲ್ಲಿ ಸಿಗುವ ಊರು ಗೆದ್ದಿತು.

ಇದಕ್ಕೆ ಅರ್ಥಶಾಸ್ತ್ರದವರು ಕ್ಲಸ್ಟರ್ ಅಂತಾರೆ. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ಇದನ್ನೇ ಕೈಗಾರಿಕಾ ಜಿಲ್ಲೆ ಅಂತ ಕರೆದಿದ್ದ. ಇಟಲಿಯ ಜಾಕೊಮೊ ಬೆಕಾತ್ತೀನಿ ಆ ವಿಚಾರವನ್ನು ಮತ್ತೆ ಎತ್ತಿಕೊಂಡು ತನ್ನ ದೇಶದ ಪ್ರಾತೋದಂಥ ಊರುಗಳನ್ನು ವಿವರಿಸಿದ. ಸರಳವಾಗಿ ಹೇಳೋದಾದರೆ, ಒಂದೇ ಕಸುಬಿನ ಸಣ್ಣಸಣ್ಣ ಮನೆಗಳು ಒಂದೇ ಕಡೆ ಸೇರಿದರೆ ಆ ಕಸುಬು ಯಾರೊಬ್ಬರದೂ ಆಗಿರದೆ ಊರಿನ ಗಾಳಿಯಲ್ಲೇ ಇರುತ್ತೆ. ಮಗು ಆಡ್ತಾ ಆಡ್ತಾ ಅರ್ಧ ಕಸುಬು ಕಲಿತಿರುತ್ತೆ. ಇದನ್ನು ನಮಗೆ ಯಾರೂ ಸಿದ್ಧಾಂತವಾಗಿ ಹೇಳಬೇಕಾಗಿಲ್ಲ, ಸೊಲ್ಲಾಪುರದ ಮಗ್ಗದ ಓಣಿಗಳಲ್ಲಿ ಬೆಳೆದವರಿಗೆ ಗೊತ್ತಿರುವುದೇ.

ಆದರೆ ಒಂದು ವಿಷಯ ಗಮನಿಸಿ. ಕಸುಬು ವಿಜೇವಾನೋದಲ್ಲಿ, ಕೋಮೋದಲ್ಲಿ, ಬಿಯೆಲ್ಲಾದಲ್ಲಿ; ಹೆಸರು ಮಿಲಾನಿನದು. 2024ರಲ್ಲಿ ಮಿಲಾನಿನ ಮೊಂಟೆ ನಪೊಲಿಯೊನೆ ಬೀದಿ ಜಗತ್ತಿನ ಅತಿ ದುಬಾರಿ ಅಂಗಡಿ ಬೀದಿ ಅನ್ನಿಸಿಕೊಂಡಿತು. ಅಲ್ಲಿನ ಗಾಜಿನ ಹಿಂದಿರುವ ಬೂಟಿನ ಮೇಲೆ ಅದನ್ನು ಹೊಲಿದ ಸಣ್ಣ ಊರಿನ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ವಿಜೇವಾನೋದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ದಾರಿ ಸಿಗುತ್ತೆ. ಆ ಊರಿನವನೇ ಆದ ಲೂಚೋ ಮಾಸ್ತ್ರೊನಾರ್ದಿ ‘ವಿಜೇವಾನೋದ ಚಮ್ಮಾರ’ ಅಂತ ಹೇಳಬಹುದಾದ ಹೆಸರಿನ ಒಂದು ಕಾದಂಬರಿ ಬರೆದ. 1959ರಲ್ಲಿ ಅದು ಒಂದು ಸಾಹಿತ್ಯ ಪತ್ರಿಕೆಯಲ್ಲಿ ಬಂತು, 1962ರಲ್ಲಿ ಪುಸ್ತಕವಾಯಿತು. ಮಿಕ್ಕಾ ಅನ್ನುವ ಅಡ್ಡಹೆಸರಿನ ಕಸುಬುದಾರ ಹೇಗಾದರೂ ಮಾಡಿ ಮಾಲೀಕನಾಗಬೇಕು ಅಂತ ಹಗಲುರಾತ್ರಿ ದುಡಿಯುವ ಕಥೆ. ಕಸುಬಿನ ಹೆಮ್ಮೆ, ಹಣದ ಹಪಾಹಪಿ ಎರಡೂ ಅದರಲ್ಲಿ ಬೇರೆಬೇರೆ ಮಾಡಲಾಗದ ಹಾಗೆ ಬೆರೆತಿವೆ. ನಮಗೆ ಮುಖ್ಯವಾದದ್ದು ಅದರ ಭಾಷೆ. ಮಾಸ್ತ್ರೊನಾರ್ದಿ ಶಿಷ್ಟ ಇಟಾಲಿಯನ್ ಜೊತೆಗೆ ವಿಜೇವಾನೋದ ಆಡುಮಾತನ್ನು ಬೆರೆಸಿ ಬರೆದ. ಚಮ್ಮಾರಿಕೆಯ ಊರಿಗೆ ತನ್ನದೇ ಬಾಯಿ ಇದೆ, ಆ ಬಾಯಿ ಇಲ್ಲದೆ ಆ ಕೈಯ ಕಥೆ ಹೇಳೋಕಾಗಲ್ಲ ಅನ್ನುವುದನ್ನು ಆತ ಬರವಣಿಗೆಯಲ್ಲೇ ತೋರಿಸಿದ. ಶಾಲೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ಅಂತ ಬದುಕುವ ಗಡಿಯವರಿಗೆ ಈ ಕಾದಂಬರಿ ಅಷ್ಟು ದೂರದ್ದು ಅನ್ನಿಸೋದಿಲ್ಲ.

‘ಮೇಡ್ ಇನ್ ಇಟಲಿ’ ಎಂಬ ಮೂರು ಶಬ್ದ

ಇಟಲಿ ತನ್ನ ಹೆಸರನ್ನು ಎಷ್ಟು ಜೋಪಾನ ಮಾಡುತ್ತೆ ಅಂದರೆ, ಜವಳಿ, ಚರ್ಮ, ಪಾದರಕ್ಷೆಗಳ ಮೇಲೆ ‘ಮೇಡ್ ಇನ್ ಇಟಲಿ’ ಅಂತ ಯಾವಾಗ ಹಾಕಬಹುದು ಅನ್ನುವುದಕ್ಕೆ 2010ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಆ ಮೂರು ಶಬ್ದಕ್ಕೆ ಕೊಳ್ಳುವವರು ದುಡ್ಡು ಕೊಡ್ತಾರೆ. ಅದರ ಹಿಂದೆ ಯಾರ ಕೈ ಇದೆ?

2024ರಲ್ಲಿ ಮಿಲಾನಿನ ನ್ಯಾಯಾಲಯ ಈ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿತು. ಜನವರಿಯಲ್ಲಿ ಆಲ್ವಿಯೆರೊ ಮಾರ್ತೀನಿ, ಏಪ್ರಿಲ್‌ನಲ್ಲಿ ಅರ್ಮಾನಿಯ ಒಂದು ಘಟಕ, ಜೂನ್‌ನಲ್ಲಿ ಡಿಯೋರ್‌ನ ಚೀಲ ತಯಾರಿಸುವ ಇಟಾಲಿಯನ್ ಘಟಕ — ಮೂರನ್ನೂ ನ್ಯಾಯಾಲಯದ ಆಡಳಿತಗಾರರ ಕೆಳಗೆ ಇಡಲಾಯಿತು. ನಗರದ ಹೊರವಲಯದಲ್ಲಿ ಚೀನೀ ಮಾಲೀಕತ್ವದ ಒಳಗುತ್ತಿಗೆ ಕಾರ್ಯಾಗಾರಗಳಲ್ಲಿ ಕೆಲಸಗಾರರನ್ನು ದುಡಿಸಿಕೊಳ್ಳುತ್ತಿದ್ದ ರೀತಿಯ ಮೇಲೆ ಈ ಕಂಪನಿಗಳು ನಿಗಾ ಇಟ್ಟಿರಲಿಲ್ಲ ಅನ್ನುವುದು ಕಾರಣ. ಕಂಪನಿಗಳೇ ಅಪರಾಧ ಮಾಡಿವೆ ಅಂತ ನ್ಯಾಯಾಲಯ ಹೇಳಲಿಲ್ಲ. ಅರ್ಮಾನಿ, ಡಿಯೋರ್ ಘಟಕಗಳ ಮೇಲಿನ ಆಡಳಿತವನ್ನು 2025ರ ಆರಂಭದಲ್ಲಿ, ಅವಧಿಗೆ ಮೊದಲೇ, ತೆಗೆದದ್ದೂ ನಿಜ. ಆದರೆ ಆ ಕಡತದಿಂದ ಹೊರಬಂದ ಒಂದು ಲೆಕ್ಕ ಉಳಿದುಕೊಂಡಿದೆ: ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಡಿಯೋರ್ ಚೀಲವೊಂದನ್ನು ಜೋಡಿಸಿಕೊಡೋಕೆ ಒಳಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೋ. ಚರ್ಮದ ಖರ್ಚು ಬೇರೆ, ಅಂಗಡಿ ಬಾಡಿಗೆ, ಜಾಹೀರಾತು ಬೇರೆ; ಹಾಗಾಗಿ ಉಳಿದದ್ದೆಲ್ಲ ಲಾಭ ಅಂತ ಕೂಗೋದು ಸರಿಯಲ್ಲ. ಆದರೂ ಕೈಗೆ ಬಂದದ್ದು ನೂರಕ್ಕೆ ಎರಡು. ಈ ಎರಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂದರೆ ಪ್ರಾಡಾ ನಮ್ಮ ಚಪ್ಪಲಿಯ ಊರನ್ನು ಹೇಳದೆ ಇದ್ದದ್ದು ಭಾರತದ ಮೇಲಿನ ವಿಶೇಷ ತಾತ್ಸಾರ ಅಂತ ಓದೋಕೆ ನನಗೆ ಅವಸರ ಇಲ್ಲ. ಮಿಲಾನಿನ ಉದ್ಯಮ ತನ್ನ ಪಕ್ಕದ ಊರಿನ ಕೈಯನ್ನೂ ಹೀಗೇ ನಡೆಸಿಕೊಳ್ಳುತ್ತೆ. ಇದು ಸಮಾಧಾನದ ಮಾತಲ್ಲ.

ಪ್ರದರ್ಶನವನ್ನು ಓದುವುದು

ಈಗ ಆ ದಿನದ ಪ್ರದರ್ಶನಕ್ಕೆ ಬರೋಣ. ವಿನ್ಯಾಸ ಮಿಯುಚಾ ಪ್ರಾಡಾ ಮತ್ತು ರಾಫ್ ಸಿಮನ್ಸ್ ಅವರದು. 2026ರ ವಸಂತ-ಬೇಸಿಗೆಯ ಉಡುಪುಗಳು. ಪ್ರದರ್ಶನಕ್ಕೆ ಕೊಟ್ಟ ಹೆಸರಿನ ಅರ್ಥ ‘ಸ್ವರ ಬದಲಾವಣೆ’ ಅಂತ ಇಟ್ಟುಕೊಳ್ಳಿ. ಜಾಗ ಪ್ರಾಡಾ ಪ್ರತಿಷ್ಠಾನದ ಕಟ್ಟಡ. ಅದು ನೂರು ವರ್ಷ ಹಳೆಯ ಮದ್ಯದ ಕಾರ್ಖಾನೆ. ರೆಮ್ ಕೂಲ್ಹಾಸ್ ಅವರ ಸಂಸ್ಥೆ ಅದನ್ನು ಕಲಾಕೇಂದ್ರವಾಗಿ ರೂಪಿಸಿತು, 2015ರಲ್ಲಿ ತೆರೆಯಿತು. ಕಾರ್ಖಾನೆಯ ಗೋಡೆ ಉಳಿದಿದೆ, ಕೆಲಸ ಹೋಗಿದೆ. ರ‍್ಯಾಂಪ್ ಇರುವುದೇ ಇಂಥ ಜಾಗಗಳಲ್ಲಿ ಅನ್ನುವುದನ್ನು ಗುರುತಿಸಿಕೊಳ್ಳಬೇಕು.

ಸಭಾಂಗಣ ಬಹುತೇಕ ಖಾಲಿ. ನೆಲದ ಮೇಲೆ ಅಲ್ಲಲ್ಲಿ ಹೂವಿನಾಕಾರದ ಜುಂಗು ಜಮಖಾನೆ. ಕಿಟಕಿಯಿಂದ ಬರುವ ಹಗಲಿನ ಬೆಳಕು. ತೀರಾ ಗಿಡ್ಡ ಚಡ್ಡಿ, ಆಟದ ಪ್ಯಾಂಟು, ನಾರಿನ ಟೊಪ್ಪಿಗೆ. ಎಲ್ಲವೂ ಎಲ್ಲಿಂದಲೋ ಎತ್ತಿ ತಂದ ನಿತ್ಯದ ವಸ್ತುಗಳ ಹಾಗೆ. ಚಡ್ಡಿಯನ್ನು ಮಗುವಿನಿಂದ ತಂದರು, ಪ್ಯಾಂಟನ್ನು ಮೈದಾನದಿಂದ, ಟೊಪ್ಪಿಗೆಯನ್ನು ಕಡಲತೀರದಿಂದ. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು ಒಂದೇ ಮೈಮೇಲೆ ಕೂತಾಗ ಬರುವ ಹಗುರತನವೇ ಆ ಪ್ರದರ್ಶನದ ರಸ. ಕಣ್ಣಿಗೆ ಹಿತವಾಗಿದೆ, ಅದನ್ನು ಒಪ್ಪಿಕೊಳ್ಳದೆ ಇರೋದು ಹಟ ಅನ್ನಿಸಿಕೊಳ್ಳುತ್ತೆ.

ಈ ರಸ ಹುಟ್ಟಬೇಕಾದರೆ ವಸ್ತುವಿಗೆ ಹಿಂದಿನದರ ಭಾರ ಇರಬಾರದು. ಚಪ್ಪಲಿಗೆ ಅಥಣಿ, ಕೊಲ್ಹಾಪುರ, ತೊಗಲು ನೆನೆಸುವ ಗುಂಡಿಯ ವಾಸನೆ, ಒಂದು ಜಾತಿ, ಒಂದು ಸಂತೆ ಅಂಟಿಕೊಂಡಿದ್ದರೆ ಅದು ಹಗುರವಾಗಿ ತೇಲೋದಿಲ್ಲ. ಹೆಸರು ಬಿಟ್ಟದ್ದು ಟಿಪ್ಪಣಿ ಬರೆದವರ ಅಲಕ್ಷ್ಯ ಮಾತ್ರ ಅಲ್ಲ, ಪ್ರದರ್ಶನದ ಸೌಂದರ್ಯದ ಒಳಗೇ ಆ ಬಿಡುವಿಕೆ ಇದೆ ಅಂತ ನಾನು ಹೇಳೋದು ಇದಕ್ಕೇ. ಇನ್ನೊಂದು ಸೂಕ್ಷ್ಮ: ಬೇರೆ ವಸ್ತುಗಳನ್ನು ವಿನ್ಯಾಸಕಾರರು ತಿರುಚಿದರು, ಕುಗ್ಗಿಸಿದರು. ಚಪ್ಪಲಿಯ ಆಕಾರವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟರು. ಆ ಆಕಾರ ಆಗಲೇ ಪೂರ್ಣವಾಗಿದೆ ಅಂತ ಅವರ ಕಣ್ಣು ಒಪ್ಪಿಕೊಂಡಿತ್ತು. ನಮ್ಮ ಚಮ್ಮಾರರಿಗೆ ಮಿಲಾನಿನಲ್ಲಿ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದೇ, ಬರವಣಿಗೆಯಲ್ಲಿ ಮಾತ್ರ ಅದು ಬರಲಿಲ್ಲ.

ಹೆಸರು ಹೇಳುವುದು ಪ್ರಾಡಾಗೆ ಬರೋದಿಲ್ಲ ಅಂತ ವಾದಿಸೋಕೂ ಜಾಗ ಇಲ್ಲ. 2010ರಲ್ಲಿ ಅದೇ ಕಂಪನಿ ‘ಮೇಡ್ ಇನ್’ ಅನ್ನುವ ಯೋಜನೆ ಹಾಕಿಕೊಂಡು ಸ್ಕಾಟ್ಲೆಂಡಿನ ಕಿಲ್ಟ್, ಜಪಾನಿನ ಡೆನಿಮ್, ಪೆರುವಿನ ಅಲ್ಪಾಕಾ ಉಣ್ಣೆ, ನಮ್ಮ ದೇಶದ ಚಿಕನ್ ಕಸೂತಿ ಬಳಸಿ, ಚೀಟಿಯ ಮೇಲೆ ಆಯಾ ದೇಶದ ಹೆಸರು ಹಾಕಿತ್ತು. ಹದಿನೈದು ವರ್ಷದ ಹಿಂದೆ ಗೊತ್ತಿದ್ದ ಪಾಠ.

ಕಾಲದ ಮಾತನ್ನೂ ಸೇರಿಸಬೇಕು. ರ‍್ಯಾಂಪಿನ ಮೇಲೆ ಒಂದು ಜೋಡಿ ಕೆಲವೇ ನಿಮಿಷ ಇರುತ್ತೆ. ಕೊಲ್ಹಾಪುರಿಯ ಕಾಲ ಬೇರೆ. ಹಳೆಯ ಪದ್ಧತಿಯಲ್ಲಿ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ತುಂಬಿ ನೇತುಹಾಕಿ ಹದ ಮಾಡೋದಕ್ಕೇ ವಾರಗಳು ಬೇಕು. ಆಮೇಲೆ ಅಟ್ಟೆ ಕೊಯ್ಯೋದು, ಪಟ್ಟಿ ಕೂಡಿಸೋದು, ಮೊಳೆ ಇಲ್ಲದೆ ತೊಗಲ ದಾರದಿಂದಲೇ ಹೊಲಿಯೋದು. ಹೆಣಿಗೆಯ ಕೆಲಸ ಬಹುಮಟ್ಟಿಗೆ ಹೆಂಗಸರ ಕೈಯದು. ಕೊಂಡ ಮೇಲೂ ಮುಗಿಯೋದಿಲ್ಲ. ಹೊಸತರಲ್ಲಿ ಕಾಲು ಕಚ್ಚುತ್ತೆ. ಎಣ್ಣೆ ಹಚ್ಚಿ ಮೆಟ್ಟಿ ಮೆಟ್ಟಿ ಪಳಗಿಸಬೇಕು. ಒಂದು ತಿಂಗಳಾದ ಮೇಲೆ ಅದು ಮೆಟ್ಟಿದವನ ಪಾದದ ಅಚ್ಚು ಹಿಡಿಯುತ್ತೆ, ಇನ್ನೊಬ್ಬರಿಗೆ ಹೊಂದೋದಿಲ್ಲ. ಚಪ್ಪಲಿಯ ಅರ್ಧ ವಿನ್ಯಾಸ ಕೊಂಡವನ ಕಾಲೇ ಮಾಡುತ್ತೆ ಅಂದಹಾಗಾಯಿತು. ರ‍್ಯಾಂಪಿನಲ್ಲಿ ಈ ಅರ್ಧ ಎಂದೂ ಕಾಣೋದಿಲ್ಲ.

ಹೆಸರು ಯಾರದು?

‘ಹೆಸರು ಹೇಳಬೇಕಿತ್ತು’ ಅನ್ನೋದರಲ್ಲಿ ಒಂದು ವಿಚಿತ್ರ ತೊಡಕಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. 1999ರ ಜಿಐ ಕಾನೂನು ಮುಖ್ಯವಾಗಿ ಕಾಯೋದು ಹೆಸರನ್ನು, ಮೂಲದ ಬಗ್ಗೆ ಕೊಳ್ಳುವವರಿಗೆ ಮೋಸ ಆಗದಿರುವುದನ್ನು. ಆಕಾರವನ್ನು ಅದೊಂದರಿಂದಲೇ ಕಾಯುವುದು ಕಷ್ಟ. ಪ್ರಾಡಾ ತನ್ನ ಇಟಾಲಿಯನ್ ಚಪ್ಪಲಿಯನ್ನು ‘ಕೊಲ್ಹಾಪುರಿ’ ಅಂತ ಇಲ್ಲಿ ಮಾರಿದ್ದರೆ ಕಾನೂನಿನ ತಕರಾರು ಎದ್ದೇ ಏಳುತ್ತಿತ್ತು. ಹೇಳದೆ ಇದ್ದದ್ದರಿಂದ ಕಾನೂನಿನ ಕೈಗೆ ಸಿಗಲಿಲ್ಲ, ನೀತಿಯ ಕೈಗೆ ಸಿಕ್ಕಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜುಲೈನಲ್ಲಿ ವಜಾ ಆಯಿತು: ಅರ್ಜಿದಾರರು ಜಿಐ ಒಡೆತನದವರಲ್ಲ, ನೊಂದಾಯಿತ ಒಡೆಯರೇ ಬರಲಿ ಅಂತ. ಹಾಗಾದರೆ ಒಡೆಯರು ಯಾರು?

ಇಲ್ಲಿ ನಮ್ಮ ಗಡಿಯ ಕಥೆ ಶುರುವಾಗುತ್ತೆ. ಜಿಐ ಎರಡು ಸರಕಾರಿ ಚರ್ಮೋದ್ಯಮ ನಿಗಮಗಳ ಹೆಸರಿನಲ್ಲಿ ಜಂಟಿಯಾಗಿದೆ: ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್‌ಕರ್. ಜಿಲ್ಲೆಗಳು ಎಂಟು. ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಮ್ಮ ಜತ್ತ ಸಾಂಗಲಿಯೊಳಗೆ, ಅಕ್ಕಲಕೋಟೆ ಸೊಲ್ಲಾಪುರದೊಳಗೆ. ಸರಕಾರದ ಕಾಗದಗಳಲ್ಲಿ ಗಡಿಯನ್ನು ಕತ್ತರಿಸದೆ ಅದರ ಮೇಲೇ ನಡೆದು ಹೋದಂಥವು ಬಹಳ ಕಡಿಮೆ, ಇದು ಅಂಥದ್ದೊಂದು. ರಾಜ್ಯ ಪುನರ್ವಿಂಗಡಣೆಯ ನಕಾಶೆಗಿಂತ ತೊಗಲಿನ ನಕಾಶೆ ಹೆಚ್ಚು ನಿಜ ಅಂತ ತಮಾಷೆಗೆ ಹೇಳಬಹುದು.

ಆದರೆ ಎಂಟು ಜಿಲ್ಲೆಗೆ ಹೆಸರು ಒಂದೇ. ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಹೊಲಿದದ್ದು ಪೇಟೆಗೆ ಹೋಯಿತು, ಪೇಟೆಯ ಊರು ತನ್ನ ಹೆಸರು ಕೊಟ್ಟಿತು. ವಿಜೇವಾನೋದಲ್ಲಿ ಹೊಲಿದು ಮಿಲಾನ್ ಅನ್ನಿಸಿಕೊಂಡ ಹಾಗೇ. ಕೊಲ್ಹಾಪುರವೂ ತಾನೇ ಹೊಲಿಯದ ಊರೇನಲ್ಲ. ಅಲ್ಲೂ ಹೊಲಿಯುತ್ತಾರೆ, ಕಾಪಶಿ ಅನ್ನುವ ಹಳ್ಳಿಯ ಹೆಸರಿನ ನಮೂನೆಯೇ ಇದೆ, ಶಾಹೂ ಮಹಾರಾಜರು ಈ ಕಸುಬಿಗೆ ಬೆಂಬಲ ಕೊಟ್ಟದ್ದೂ ಇತಿಹಾಸ. ಆದರೂ ಗದ್ದಲದ ವಾರಗಳಲ್ಲಿ ಅಥಣಿಯ ಹೆಸರು ಎಷ್ಟು ಸಲ ಬಂತು? ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಸುಬುದಾರರನ್ನು ನೆನಪಿಸಿದರು. ಒಳ್ಳೆಯದಾಯಿತು. ಆದರೆ ಅದರ ಬೆನ್ನಿಗೇ ಸಾಮಾಜಿಕ ಜಾಲತಾಣಗಳಲ್ಲಿ ಅದು ‘ನಮ್ಮದಾ, ನಿಮ್ಮದಾ’ ಅನ್ನುವ ಹಳೇ ಜಗಳಕ್ಕೆ ತಿರುಗಿತು. ಅಥಣಿಯಲ್ಲಿ 2000ದ ಆಸುಪಾಸಿನಿಂದ ಟೋಹೋಲ್ಡ್ ಅನ್ನುವ ಹೆಸರಿನಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಸೇರಿ ಚಪ್ಪಲಿ ಮಾಡಿ ವಿದೇಶಕ್ಕೂ ಕಳಿಸಿದವು. ಹೊಲಿದವರೇ ಹೆಸರಿಟ್ಟುಕೊಂಡ ಅಪರೂಪದ ಉದಾಹರಣೆ ಅದು. ಜಗಳದಲ್ಲಿ ಅದನ್ನು ನೆನೆದವರು ಕಡಿಮೆ.

ಜಗಳದಲ್ಲಿ ಪೂರಾ ಕಾಣೆಯಾದದ್ದು ಜಾತಿ. ಎರಡೂ ಕಡೆ ಇದು ಸಮಗಾರರ, ಢೋರರ, ಚಮ್ಮಾರರ ಕೆಲಸ. ‘ನಮ್ಮ ಪರಂಪರೆ’ ಅಂತ ಹೆಮ್ಮೆಪಟ್ಟವರಲ್ಲಿ ಎಷ್ಟೋ ಮನೆಗಳಲ್ಲಿ ಆ ಪರಂಪರೆಯ ಕೈಗೆ ನೀರಿನ ತಂಬಿಗೆ ಕೊಡುತ್ತಿರಲಿಲ್ಲ. ಕನ್ನಡದ ನೆನಪಿನಲ್ಲಿ ಒಂದು ಜೋಡಿಗಾದರೂ ಹೊಲಿದವನ ಹೆಸರಿದೆ: ಸಮಗಾರ ಹರಳಯ್ಯ. ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮಾಡಿದ ಪಾದರಕ್ಷೆ, ಮೆಟ್ಟಲು ತಾನು ಯೋಗ್ಯನಲ್ಲ ಅಂತ ಬಸವಣ್ಣ ತಲೆಯ ಮೇಲಿಟ್ಟುಕೊಂಡದ್ದು — ಈ ಕಥೆ ಪ್ರವಚನದಲ್ಲಿ ಕೇಳದವರು ನಮ್ಮ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ಪ್ರವಚನ ಕೇಳಿ ಎದ್ದು ಹೊರಗೆ ಬಿಟ್ಟ ಚಪ್ಪಲಿ ಮೆಟ್ಟಿಕೊಳ್ಳುವಾಗ, ಅದನ್ನು ಹೊಲಿದವನ ಹೆಸರು ಕೇಳಿದವರೂ ಯಾರೂ ಇರಲಿಕ್ಕಿಲ್ಲ. ಪ್ರಾಡಾದ ಮೌನಕ್ಕೆ ಸಿಟ್ಟಾಗುವಾಗ ಈ ಮೌನವನ್ನೂ ಎಣಿಸಬೇಕು.

ಡಿಸೆಂಬರ್ ಒಪ್ಪಂದ

ಪ್ರಾಡಾ ಕಡೆಯಿಂದ ಲೊರೆಂಜೊ ಬೆರ್ತೆಲ್ಲಿ ಅವರು ಮಹಾರಾಷ್ಟ್ರದ ವಾಣಿಜ್ಯೋದ್ಯಮ ಮಂಡಳಿಗೆ ಪತ್ರ ಬರೆದು, ಭಾರತದ ಶತಮಾನಗಳ ಕರಕುಶಲ ಪಾದರಕ್ಷೆಯಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡರು. ಜುಲೈನಲ್ಲಿ ಕಂಪನಿಯ ತಂಡ ಕೊಲ್ಹಾಪುರಕ್ಕೆ ಬಂದು ಹೋಯಿತು. ಡಿಸೆಂಬರ್‌ನಲ್ಲಿ ಎರಡೂ ನಿಗಮಗಳ ಜೊತೆ ಒಪ್ಪಂದವಾಯಿತು: ಮಹಾರಾಷ್ಟ್ರ, ಕರ್ನಾಟಕದ ಕಸುಬುದಾರರಿಂದ ಸುಮಾರು 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ, 2026ರ ಫೆಬ್ರವರಿಯಿಂದ 40 ಅಂಗಡಿಗಳಲ್ಲಿ ಅಂತ ಘೋಷಣೆ. ಜೊತೆಗೆ ತರಬೇತಿಯ ಭರವಸೆ.

ಇದನ್ನು ಗೆಲುವು ಅಂತ ಬರೆದವರಿದ್ದಾರೆ. ಅರ್ಧ ಗೆಲುವು ಹೌದು. ಎರಡೂ ನಿಗಮಗಳನ್ನು ಒಂದೇ ಮೇಜಿಗೆ ಕೂರಿಸಿದ್ದು ಸಣ್ಣದಲ್ಲ. ಉಳಿದ ಅರ್ಧಕ್ಕೆ ಒಂದು ಲೆಕ್ಕ ಮಾಡೋಣ. ಇದು ನನ್ನ ಊಹೆಯ ಲೆಕ್ಕ, ಒಪ್ಪಂದದ ಅಂಕಿ ಅಲ್ಲ. ಆಗ ನೆನಪಿಟ್ಟುಕೊಳ್ಳಿ ಅಂದೆನಲ್ಲ, ನೂರಕ್ಕೆ ಎರಡು. ಅದೇ ಪ್ರಮಾಣ ಇಲ್ಲೂ ನಡೆದರೆ 800 ಯೂರೋದಲ್ಲಿ ಕೈಗೆ ಬರೋದು 16 ಯೂರೋ, ಹತ್ತಿರಹತ್ತಿರ 1,700 ರೂಪಾಯಿ. ಸಂತೆಯ ರೇಟು ನೋಡಿದರೆ ಅದೂ ಒಳ್ಳೆಯ ಹಣವೇ ಅನ್ನಿಸುತ್ತೆ. ಅಲ್ಲೇ ಇರೋದು ಪೇಚು: ನಮ್ಮ ಸಂತೆಯ ರೇಟು ಅಷ್ಟು ಕೆಳಗಿರೋದರಿಂದ ಯಾವ ಪಾಲು ಕೊಟ್ಟರೂ ಉಪಕಾರದ ಹಾಗೆ ಕಾಣುತ್ತೆ. 2,000 ಜೋಡಿ ಅಂದರೆ ಅಂಗಡಿ ಬೆಲೆಯಲ್ಲಿ 16 ಲಕ್ಷ ಯೂರೋ. ಆ ಮೊತ್ತದ ಹಂಚಿಕೆ ಹೇಗೆ ಅನ್ನೋದೇ ನಾವು ಕೇಳಬೇಕಾದ ಪ್ರಶ್ನೆ.

ಆ ಯೋಜನೆಗೆ ಇಟ್ಟ ಹೆಸರನ್ನೂ ಓದಬೇಕು. ‘ಮೇಡ್ ಇನ್ ಇಂಡಿಯಾ’, ಅದರ ಜೊತೆಗೆ ‘ಕೊಲ್ಹಾಪುರಿ ಚಪ್ಪಲಿಯಿಂದ ಪ್ರೇರಿತ’ ಅನ್ನುವ ಅರ್ಥದ ಮಾತು. ಜಿಐ ಜಿಲ್ಲೆಯಲ್ಲಿ, ಜಿಐ ಕಸುಬುದಾರನ ಕೈಯಲ್ಲಿ ತಯಾರಾದ ಮೇಲೂ ಅದು ಕೊಲ್ಹಾಪುರಿ ಅಲ್ಲ, ಕೊಲ್ಹಾಪುರಿಯಿಂದ ಪ್ರೇರಿತ! ಪ್ರೇರಣೆ ಪಡೆದವರು ಮಿಲಾನಿನಲ್ಲಿದ್ದಾರೆ, ಕೈ ಇಲ್ಲಿದೆ ಅನ್ನುವ ಹಂಚಿಕೆ ಆ ಒಂದು ಶಬ್ದದಲ್ಲೇ ಇದೆ. ಜೂನ್‌ನಲ್ಲಿ ಮೌನ ಮಾಡಿದ ಕೆಲಸವನ್ನು ಡಿಸೆಂಬರ್‌ನಲ್ಲಿ ಶಬ್ದ ಮಾಡಿತು.

ಇನ್ನು ತೊಗಲು. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧ ಬಂತು, ಕರ್ನಾಟಕದಲ್ಲಿ 2020ರ ಕಾಯಿದೆ ಬಂತು. ಎಮ್ಮೆಯ ತೊಗಲಿಗೆ ಅವಕಾಶ ಇದೆ, ಆದರೆ ತೊಗಲು ಸಾಗಿಸುವ ಭಯ, ಬೆಲೆ ಎರಡೂ ಬದಲಾಗಿವೆ. ಮಿಲಾನಿನ ಬೆಳಕಿನಲ್ಲಿ ಇದು ಯಾವುದೂ ಬೀಳೋದಿಲ್ಲ, ನಮ್ಮ ರಾಜಧಾನಿಗಳ ಹೆಮ್ಮೆಯ ಹೇಳಿಕೆಗಳಲ್ಲೂ ಬೀಳೋದಿಲ್ಲ.

ಪ್ರಶ್ನೋತ್ತರದಿಂದ

ಕಾಸರಗೋಡಿನಿಂದ ಸೇರಿದ ವಿದ್ಯಾರ್ಥಿನಿ: ಸರ್, ನಮ್ಮಲ್ಲಿ ಕಾಸರಗೋಡು ಸೀರೆಗೂ ಜಿಐ ಉಂಟು. ಹಾಗಾದರೆ ಜಿಐಯಿಂದ ಪ್ರಯೋಜನವೇ ಇಲ್ಲ ಅಂತ ನಿಮ್ಮ ಅಭಿಪ್ರಾಯವಾ?

— ಹಾಗಲ್ಲಮ್ಮ. ಜಿಐ ಇಲ್ಲದೆ ಇದ್ದಿದ್ದರೆ ಡಿಸೆಂಬರ್‌ನಲ್ಲಿ ಮಾತಾಡೋಕೆ ಎದುರು ಯಾರು ಕೂರಬೇಕು ಅನ್ನೋದೇ ಗೊತ್ತಾಗ್ತಿರಲಿಲ್ಲ. ನಿಮ್ಮ ಸೀರೆಗೂ ನಮ್ಮ ಚಪ್ಪಲಿಗೂ ಒಂದು ವ್ಯತ್ಯಾಸ ನೋಡಿ. ಅಲ್ಲಿ ನೇಯುವ ಊರೂ ಹೆಸರಿನ ಊರೂ ಒಂದೇ ಕಡೆ. ಇಲ್ಲಿ ಬೇರೆಬೇರೆ. ನಾನು ಹೇಳಿದ್ದು ಒಡೆತನ ನಿಗಮದ ಕೈಯಲ್ಲಿ ನಿಂತುಬಿಟ್ಟರೆ ಸಾಲದು ಅಂತ. ಜಿಐಯಲ್ಲಿ ಅಧಿಕೃತ ಬಳಕೆದಾರ ಅಂತ ಕಸುಬುದಾರರೇ ನೊಂದಾಯಿಸಿಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. ನಿಮ್ಮ ಕಡೆ ಎಷ್ಟು ನೇಕಾರರು ಹಾಗೆ ನೊಂದಾಯಿಸಿಕೊಂಡಿದ್ದಾರೆ ಅಂತ ನೀವೇ ಹೋಗಿ ಕೇಳಿ ಬಂದರೆ ಒಂದು ಒಳ್ಳೆಯ ಪ್ರಬಂಧ ಆಗುತ್ತೆ.

ಅಕ್ಕಲಕೋಟೆಯ ಸಂಶೋಧನಾ ವಿದ್ಯಾರ್ಥಿ: ಸರ, ಫ್ಯಾಷನ್ನಿನವರು ಮುಟ್ಟದೆ ಇದ್ದರೆ ಈ ಕಸುಬು ಉಳೀತದೇನ್ರಿ? ಹುಡುಗ್ರು ಯಾರೂ ಈ ಕೆಲಸಕ್ಕ ಬರಾಕ ತಯಾರಿಲ್ಲ.

— ಬರಬಾರದು ಅಂತ ಅವರ ಅಪ್ಪನೇ ಹೇಳ್ತಾನ, ಅದು ತಪ್ಪೂ ಅಲ್ಲ. ಕಸುಬು ಉಳೀಲಿ ಅಂತ ಹೇಳೋರು ಯಾರೂ ತಮ್ಮ ಮಗನ್ನ ತೊಗಲು ನೆನೆಸೋ ಗುಂಡಿಗೆ ಕಳಸಂಗಿಲ್ಲ. ಮಿಲಾನ್ ಮುಟ್ಟಬಾರದು ಅಂತ ನಾನು ಹೇಳಿಲ್ರಿ. ಮುಟ್ಟಲಿ, ರೇಟು ಮಾತಾಡಿ ಮುಟ್ಟಲಿ. ಮಾಸ್ತ್ರೊನಾರ್ದಿಯ ಮಿಕ್ಕಾನಿಗೆ ಮಾಲೀಕ ಆಗೋ ಕನಸಾದರೂ ಇತ್ತು. ಅಥಣಿಯ ಹುಡುಗನಿಗೆ ಈ ಕಸುಬಿನೊಳಗ ಅಂಥ ಕನಸು ಕಾಣೋ ದಾರಿ ಇದ್ದರ ಅವನೇ ಬರ್ತಾನ.

ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕರು: ಚಪ್ಪಲಿಯ ಭಾಗಗಳಿಗೆ ಗಡಿಯ ಎರಡೂ ಕಡೆ ಒಂದೇ ಹೆಸರೋ, ಬೇರೆಯೋ? ಭಾಷೆಯ ಕಡೆಯಿಂದ ಏನಾದರೂ ಕೆಲಸ ಆಗಿದೆಯೇ?

— ಮೇಡಂ, ಆ ಕೆಲಸವನ್ನು ಈ ವರ್ಷ ನಾವೇ ಶುರು ಮಾಡಬೇಕು ಅಂತ ಇದೆ. ಜತ್ತ, ಅಥಣಿ, ನಿಪ್ಪಾಣಿ ಮೂರು ಕಡೆ ಒಂದೇ ಜೋಡಿ ಚಪ್ಪಲಿ ಹಿಡಿದುಕೊಂಡು ಹೋಗಿ, ಒಂದೊಂದೇ ಭಾಗ ಮುಟ್ಟಿ ತೋರಿಸಿ, ಇದಕ್ಕೇನಂತೀರಿ ಅಂತ ಕೇಳಿ ಧ್ವನಿಮುದ್ರಿಸೋದು. ಪಾದದ ಪಕ್ಕದ ಪಟ್ಟಿಗೆ ಮರಾಠಿಯಲ್ಲಿ ‘ಕಾನ’ ಅಂತಾರೆ, ಕಿವಿ ಅಂತ ಅರ್ಥ. ಕನ್ನಡದಲ್ಲಿ ಕೆಲಸ ಮಾಡುವ ಮನೆಗಳಲ್ಲಿ ಅದನ್ನು ಕಿವಿ ಅಂತಾರಾ, ಕಾನ ಅಂತಾನೇ ಉಳಿಸಿಕೊಂಡಿದ್ದಾರಾ, ಎರಡೂ ಅಂತಾರಾ? ಹೊಲಿದವರ ಹೆಸರನ್ನೂ ಅವರು ಒಪ್ಪಿದರೆ ಅದರ ಜೊತೆಗೇ ಬರೆದುಕೊಳ್ಳೋದು. ಬರುವ ಗೋಷ್ಠಿಯೊಳಗೆ ಮೊದಲ ಪಟ್ಟಿ ಕಳಿಸ್ತೀವಿ.